ಲಕ್ಷದ ಆಸುಪಾಸಿನ ಬತ್ತೀಸ್ ಬೋರ್ ರಿವಾಲ್ವರ್: ತಗೋಬೇಕಾ, ದುಡ್ಡು ದಂಡಾನಾ?

ಜೇವರ್ಗಿ ತೊಗರಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಓಡಾಡಿದ ಮೇಲೆ ಕೊನೆಗೂ ಲೈಸೆನ್ಸ್ ಕೈಗೆ ಬಂತು. ಈಗ ಯಾವುದು ತಗೋಬೇಕು ಅನ್ನೋದೇ ತಲೆನೋವು.

ನನ್ನದು ಕಲಬುರಗಿ ಗಂಜಿನಲ್ಲಿ ಅಡತಿ ವ್ಯವಹಾರ, ಮನೆ ಜೇವರ್ಗಿ ಕಡೆ ಹಳ್ಳಿ. ತೊಗರಿ ಸುಗ್ಗಿಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ರಾತ್ರಿ ಹತ್ತು ಹನ್ನೊಂದಕ್ಕೆ ಭೀಮಾ ನದಿಯ ಕಟ್ಟಿ ಸಂಗಾವಿ ಸೇತುವೆ ದಾಟಿ ಒಬ್ಬನೇ ಮನೆಗೆ ಹೋಗುತ್ತೇನೆ. ಗಾಡಿಯಲ್ಲಿ ಒಂದಿಷ್ಟು ನಗದು ಇರುತ್ತದೆ. ಹೋದ ವರ್ಷ ಎರಡು ಬೈಕು ಐದಾರು ಕಿಲೋಮೀಟರ್ ಹಿಂದೆ ಬಿದ್ದಿದ್ದವು. ಏನೂ ಆಗಲಿಲ್ಲ, ಆದರೆ ಆವತ್ತಿನಿಂದ ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ.

ಬಜೆಟ್ ಒಂದು ಲಕ್ಷದ ಆಚೆ ಈಚೆ. ಅಂಗಡಿಯವನು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಮಾರ್ಕ್ 3 ರಿವಾಲ್ವರ್ ತಗೋಳ್ರಿ ಅನ್ನುತ್ತಾನೆ (.32 ಅಂದರೆ ಬತ್ತೀಸ್ ಬೋರ್, ನಳಿಗೆಯ ರಂಧ್ರದ ಅಳತೆ). ನಮ್ಮ ಸೋದರಮಾವ ಅದನ್ನು ನೋಡಿ "ಇದು ಹಣ್ಣು ಕೊಯ್ಯೋಕೂ ಬರಲ್ಲ, ದುಡ್ಡು ಕೂಡಿಸಿ ಪ್ರಬಲ್ ತಗೋ, ಇಲ್ಲ ಸುಮ್ನಿರು" ಅಂದರು. ಪ್ರಬಲ್ ಅಂದರೆ ಕಾನ್ಪುರದ್ದೇ ಹೊಸ ರಿವಾಲ್ವರ್. ಇಟ್ಟುಕೊಂಡವರು, ಹಾರಿಸಿದವರು ಇದ್ದರೆ ಹೇಳಿ. ಕೇಳಿದ ಮಾತು ಬೇಡ, ಅದು ಗಂಜಿನಲ್ಲೇ ಬೇಕಾದಷ್ಟು ಸಿಗುತ್ತದೆ.

ಗಂಜ್ ಗುಮಾಸ್ತ:

ಸಾಹುಕಾರ್ರೆ, ನಾನು ಗಂಜಿನಲ್ಲಿ ಲೆಕ್ಕ ಬರೆಯುವವನು. ಪಿಸ್ತೂಲಿನ ಬಗ್ಗೆ ಗೊತ್ತಿಲ್ಲ, ನಗದಿನ ಬಗ್ಗೆ ಗೊತ್ತು. ಅಷ್ಟು ದುಡ್ಡು ರಾತ್ರಿ ಗಾಡಿಯಲ್ಲಿ ಯಾಕೆ ಇರಬೇಕು ಅನ್ನೋದು ನನ್ನ ಮೊದಲ ಪ್ರಶ್ನೆ. 2017ರಿಂದ ಒಬ್ಬರ ಕೈಯಿಂದ ಒಂದೇ ದಿನ 2 ಲಕ್ಷ ಅಥವಾ ಜಾಸ್ತಿ ನಗದು ತಗೊಳ್ಳುವಂತೆಯೇ ಇಲ್ಲ, ಆದಾಯ ತೆರಿಗೆ ಕಾನೂನಿನಲ್ಲೇ ಇದೆ. ತಗೊಂಡರೆ ಎಷ್ಟು ತಗೊಂಡಿರೋ ಅಷ್ಟೇ ದಂಡ. ದಾಲ್ ಮಿಲ್ಲಿನವರು ಆರ್‌ಟಿಜಿಎಸ್ ಮಾಡುತ್ತಾರೆ. ರೈತರಿಗೆ ನಗದು ಬೇಕು ಅಂತೀರಿ, ಸರಿ, ಬೆಳಿಗ್ಗೆ ಬ್ಯಾಂಕಿನಿಂದ ತಂದು ಸಂಜೆಯೊಳಗೆ ಹಂಚಿ. ರಾತ್ರಿ ಖಾಲಿ ಕೈಯಲ್ಲಿ ಹೋಗುವವನ ಹಿಂದೆ ಯಾರು ಬೀಳುತ್ತಾರೆ? ಆ ಲಕ್ಷದಲ್ಲಿ ಗಾಡಿಗೆ ಕ್ಯಾಮೆರಾ ಹಾಕಿಸಿ, ಸುಗ್ಗಿಯ ಮೂರು ತಿಂಗಳು ಜೊತೆಗೆ ಒಬ್ಬ ಆಳು ಇಟ್ಟುಕೊಳ್ಳಿ. ಇನ್ನೂ ದುಡ್ಡು ಉಳಿಯುತ್ತದೆ.

ಬೀದರ್ ಫೌಜಿ:

ಗುಮಾಸ್ತರ ಮಾತು ಖರೇ. ಆದರೆ ಕೇಳಿದ್ದು ರಿವಾಲ್ವರ್ ಬಗ್ಗೆ, ಅದಕ್ಕೆ ಹೇಳುತ್ತೇನೆ.

ನಾನು ರಿಟೈರ್ ಆಗಿ ಬಂದ ಮೇಲೆ ಇದೇ ಮಾರ್ಕ್ 3 ತಗೊಂಡೆ. ಹನ್ನೊಂದು ವರ್ಷ ಆಯಿತು. ಒಂದು ಸಲವೂ ಕೈ ಕೊಟ್ಟಿಲ್ಲ. ಜನ ಇದನ್ನು ಬೈಯುವುದು ಬೇರೆ ಯಾವುದಕ್ಕೋ ಹೋಲಿಸಿ. ಸಿನಿಮಾ ಪಿಸ್ತೂಲು ಬೇಕು ಅನ್ನುವವರಿಗೆ ಮೊದಲು ಕಾನೂನು ಗೊತ್ತಿರಬೇಕು. .38 ಆಗಲಿ 9 ಎಂಎಂ ಆಗಲಿ ಸಾಮಾನ್ಯ ಜನಕ್ಕೆ ಇಲ್ಲ, ಅವು ನಿಷೇಧಿತ ಬೋರ್. ಸಣ್ಣ ಆಯುಧದಲ್ಲಿ ನಮಗೆ ಹೊಸದಾಗಿ ಸಿಗುವುದು ಹೆಚ್ಚಾಗಿ .32 ಮತ್ತು .22. ವಿದೇಶಿ ಮಾಲು 1980ರ ದಶಕದಿಂದ ಬರುವುದೇ ನಿಂತಿದೆ. ಅದಕ್ಕೇ ಯಾರದೋ ತಾತನ ಕಾಲದ ಸವೆದ ಇಂಗ್ಲಿಷ್ ರಿವಾಲ್ವರಿಗೂ ಹೊಸ ಕಾರಿನ ರೇಟು ಹೇಳುತ್ತಾರೆ. ಹಾಗಾಗಿ ಬಡವರ ಪಾಲಿಗೆ ಕಾನ್ಪುರ. (ಲಕ್ಷ ರೂಪಾಯಿ ಕೊಡುವವನು ಬಡವನಾ ಅಂತ ಕೇಳಬೇಡಿ.)

ಇದು ಹಳೆಯ ವೆಬ್ಲಿ .38ರ ಕುಲದ್ದು. ಹ್ಯಾಮರ್ (ಹಿಂದಿನಿಂದ ಬಡಿದು ಕಾರ್ತೂಸು ಹಾರಿಸುವ ಕೊಕ್ಕೆ) ಪಕ್ಕದ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಅಡಕತ್ತರಿ ಬಾಯಿ ತೆರೆದ ಹಾಗೆ ಮುಂದಕ್ಕೆ ಬಾಗುತ್ತದೆ. ಆಗ ನಡುವಿನ ನಕ್ಷತ್ರದಂಥ ತಟ್ಟೆ ಮೇಲೆದ್ದು ಆರೂ ಖಾಲಿ ಕಾರ್ತೂಸುಗಳನ್ನು ಒಟ್ಟಿಗೆ ಹೊರಗೆ ಹಾಕುತ್ತದೆ. ತುಂಬೋದು ಸಲೀಸು. ಖಾಲಿ ಇದೆಯಾ ಇಲ್ಲವಾ ಅಂತ ಒಂದು ನೋಟದಲ್ಲಿ ಗೊತ್ತಾಗುತ್ತದೆ, ಹೊಸಬರಿಗೆ ಅದು ದೊಡ್ಡ ಲಾಭ. ಖಾಲಿ ತೂಕ ಸುಮಾರು 700 ಗ್ರಾಂ, ನಳಿಗೆ 3 ಇಂಚು.

ದೋಷ ಇಲ್ಲ ಅಂತ ಹೇಳೋದಿಲ್ಲ. ಟ್ರಿಗರ್ ಬಹಳ ಬಿಗಿ. ಹ್ಯಾಮರ್ ಎಳೆಯದೆ ನೇರ ಟ್ರಿಗರ್ ಒತ್ತಿದರೆ ಬಾವಿಯಿಂದ ಕೊಡ ಸೇದಿದ ಹಾಗಾಗುತ್ತದೆ, ಅಷ್ಟರಲ್ಲಿ ನಳಿಗೆಯ ತುದಿ ಎಲ್ಲೋ ಹೋಗಿರುತ್ತದೆ. ಹ್ಯಾಮರನ್ನು ಮೊದಲೇ ಹಿಂದೆಳೆದು ಒತ್ತಿದರೆ ಪರವಾಗಿಲ್ಲ. ಫಿನಿಶಿಂಗ್ ಒರಟು, ಹಿಡಿಕೆ ನನ್ನ ಕೈಗೆ ಸಣ್ಣದು. ನಳಿಗೆ ಮಡಚುವ ಆ ಕೀಲು ಇದೆಯಲ್ಲ, ಅದನ್ನು ಸಿನಿಮಾದವರ ಹಾಗೆ ಒಂದೇ ಕೈಯಲ್ಲಿ ಝಾಡಿಸಿ ಮುಚ್ಚಿದರೆ ಎರಡೇ ವರ್ಷಕ್ಕೆ ಸಡಿಲ ಆಗುತ್ತದೆ.

ಅಂಗಡಿಯಲ್ಲಿ ಮೊದಲು ಖಾಲಿ ಇದೆ ಅಂತ ನೀವೇ ತೆರೆದು ನೋಡಿ, ಆಮೇಲೆ ಮುಚ್ಚಿ. ಹಿಡಿಕೆ ಒಂದು ಕೈಯಲ್ಲಿ, ನಳಿಗೆ ಒಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬೇಡ ಅನ್ನಿ. ಹ್ಯಾಮರನ್ನು ನಿಧಾನ ಎಳೆಯುತ್ತಾ ಆರೂ ಮನೆಯಲ್ಲಿ (ಕಾರ್ತೂಸು ಕೂರುವ ತೂತು) ಸಿಲಿಂಡರ್ ಟಕ್ ಅಂತ ಕಚ್ಚಿ ನಿಲ್ಲುತ್ತದಾ ನೋಡಿ. ಒಂದರಲ್ಲಿ ಜಾರಿದರೂ ಬೇರೆ ಪೀಸ್ ಕೇಳಿ. ನಾನು ಮೂರು ಪೀಸ್ ಬಿಟ್ಟು ನಾಲ್ಕನೆಯದು ತಗೊಂಡೆ. ಅಂಗಡಿಯವನ ಮುಖ ಹಾಗಲಕಾಯಿ ಆಗಿತ್ತು, ಆಗಲಿ ಬಿಡಿ.

ಶಹಾಪುರ ಹತ್ತಿ:

ಫೌಜಿ ಕಾಕಾ, ನಿಮ್ಮ ಬಗ್ಗೆ ಗೌರವ ಇದೆ. ಆದರೆ ನೀವು ಬಂದೂಕು ಹಿಡಿದು ಜೀವನ ಕಳೆದವರು, ಕೇಳುತ್ತಿರುವವರು ತಕ್ಕಡಿ ಹಿಡಿದವರು.

ನನ್ನ ಕಥೆ ಹೇಳುತ್ತೇನೆ. ನಮ್ಮ ಮನೆಯಲ್ಲೂ ಇದೇ ಬತ್ತೀಸ್ ಇತ್ತು. ಒಂದು ದಿನ ಅಭ್ಯಾಸದ ಜಾಗಕ್ಕೆ ಒಯ್ದೆ. ಮೊದಲ ಗುಂಡು ಹಾರಿತು. ಎರಡನೆಯದು ಟಿಕ್. ಮೂರನೆಯದು ಹಾರಿತು. ಮತ್ತೆ ಟಿಕ್. ಪಕ್ಕದಲ್ಲಿದ್ದ ಹವಾಲ್ದಾರ್ರು "ನಳಿಗೆ ಗುರಿ ಕಡೆನೇ ಇರಲಿ, ಅರ್ಧ ನಿಮಿಷ ಅಲ್ಲಾಡಬೇಡಿ, ತಡವಾಗಿ ಹಾರಬಹುದು" ಅಂದರು. ಆ ಅರ್ಧ ನಿಮಿಷದಲ್ಲಿ ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರ್ ಒದ್ದೆ ಆಯಿತು. ಆರರಲ್ಲಿ ಎರಡು ಟಿಕ್! ಆಮೇಲೆ ಹೊಸ ಕಾರ್ತೂಸು ತಂದು ಹಾರಿಸಿದೆ. ಆರೂ ಹಾರಿದವು, ಹತ್ತು ಮೀಟರ್ ದೂರದ ತಟ್ಟೆಯಷ್ಟು ದೊಡ್ಡ ಗುರಿಗೆ ಬಿದ್ದಿದ್ದು ಎರಡು. ಹಗಲಲ್ಲಿ, ನಿಂತು, ಯಾರೂ ಹೆದರಿಸದೆ ಇರುವಾಗ ಎರಡು. ರಾತ್ರಿ ಗಾಡಿ ಸ್ಟೇರಿಂಗ್ ಹಿಂದೆ ಕೂತು, ಸೀಟ್ ಬೆಲ್ಟ್ ಕೆಳಗಿನಿಂದ ತೆಗೆದು ಎಷ್ಟು ಬೀಳಬಹುದು ನೀವೇ ಲೆಕ್ಕ ಹಾಕಿ.

ಇನ್ನು ಗುಂಡಿನ ಜೋರು. ಈ .32 ಲಾಂಗ್ ಕಾರ್ತೂಸು ಹುಟ್ಟಿದ್ದು 1896ರಲ್ಲಿ. ಗುಂಡು ಆರು ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ 200 ಮೀಟರ್ ಚಿಲ್ಲರೆ. ಪೊಲೀಸರ 9 ಎಂಎಂ ಹತ್ತಿರ ಇದರ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ನಾನು ಮಾರಿಬಿಟ್ಟೆ. ಹೊಲದ ಮನೆಗೆ ಹನ್ನೆರಡು ಬೋರ್ ಡಬಲ್ ಬ್ಯಾರಲ್ ಇದೆ, ಅದೇ ಸಾಕು. ಅದನ್ನು ನೋಡಿದರೆ ಸಾಕು ಯಾರೂ ಹತ್ತಿರ ಬರಲ್ಲ, ಬ್ಯಾಂಕ್ ಬಾಗಿಲಲ್ಲಿ ನಿಂತ ಗಾರ್ಡ್ ಹತ್ತಿರ ಯಾಕೆ ಅದೇ ಇರುತ್ತದೆ ಯೋಚನೆ ಮಾಡಿ.

ಹಾಂ, ಹಂದಿಗೆ ಹೊಡೆಯಬಹುದಾ ಅಂತ ಯಾರಾದರೂ ಕೇಳುತ್ತೀರಿ ಅಂತ ಗೊತ್ತು. ರಿವಾಲ್ವರಿಂದ ಹಂದಿಗೆ ಹೊಡೆದರೆ ಹಂದಿಗೆ ಸಿಟ್ಟು ಬರುತ್ತದೆ ಅಷ್ಟೇ. ಹಂದಿಗೂ ಅರಣ್ಯ ಇಲಾಖೆ ಅನುಮತಿ ಬೇಕು. ಕೃಷ್ಣಮೃಗದ ಕಡೆಗಂತೂ ನಳಿಗೆ ತಿರುಗಿಸಲೇಬೇಡಿ, ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲ್ ಪ್ರಾಣಿ, ನೇರ ಜೈಲು.

ಬೀದರ್ ಫೌಜಿ:

ತಮ್ಮಾ, ಟಿಕ್ ಅಂದ ಕಾರ್ತೂಸು ಎಷ್ಟು ವರ್ಷದ್ದು? ಅದನ್ನು ಮಾತ್ರ ಬರೆದಿಲ್ಲ ನೀನು.

ಶಹಾಪುರ ಹತ್ತಿ:

ಎಂಟೊಂಬತ್ತು ವರ್ಷದ್ದು ಇರಬೇಕು ಕಾಕಾ. ತಿಜೋರಿಯಲ್ಲಿ ದೇವರ ಸಾಮಾನಿನ ಜೊತೆ ಇತ್ತು.

ಬೀದರ್ ಫೌಜಿ:

ನೋಡಿ ಮತ್ತೆ! ಕುಂಕುಮ ಕರ್ಪೂರದ ಜೊತೆ ಎಂಟು ವರ್ಷ ಇಟ್ಟು ರಿವಾಲ್ವರಿಗೆ ಬೈದರೆ ಹೇಗೆ? ನಮ್ಮ ಕಡೆ ಬೇಸಿಗೆ 43 ಡಿಗ್ರಿ, ಮಳೆಗಾಲದಲ್ಲಿ ತೇವ. ಕಾರ್ತೂಸು ಎರಡು ಮೂರು ವರ್ಷಕ್ಕೊಮ್ಮೆ ಹಾರಿಸಿ ಖಾಲಿ ಮಾಡಿ ಹೊಸದು ತರಬೇಕು. ಪುಣೆಯ ಖಡಕಿ ಫ್ಯಾಕ್ಟರಿಯದು ಅಗ್ಗವೇ. ಟಿಕ್ ಅಂದಾಗಲೇ ರಿವಾಲ್ವರಿನ ಬೆಲೆ ಗೊತ್ತಾಗುವುದು. ಜೀವದ ಪ್ರಶ್ನೆ ಬಂದಾಗ ಮತ್ತೆ ಟ್ರಿಗರ್ ಒತ್ತಿದರೆ ಮುಂದಿನ ಮನೆ ತಾನೇ ಬರುತ್ತದೆ. ಪಿಸ್ತೂಲಾದರೆ ಮೇಲಿನ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಎಳೆಯಬೇಕು, ಹೆದರಿದ ಕೈಗೆ ಅದು ಆಗುವ ಕೆಲಸ ಅಲ್ಲ.

ಇನ್ನೊಂದು. ಚರ್ಮದ ಹೋಲ್ಸ್ಟರ್ ಒಳಗೇ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವ ಹೀರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಬನಿಯನ್ ಬಟ್ಟೆಗೆ ನಾಲ್ಕು ಹನಿ ಎಣ್ಣೆ ಹಾಕಿ ವಾರಕ್ಕೊಮ್ಮೆ ಒರೆಸಿ. ಬೆವರು ಹತ್ತಿದ ದಿನ ಆವತ್ತೇ ಒರೆಸಿ.

ಗುರಿ ತಪ್ಪಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅದು ಅಭ್ಯಾಸ. ವರ್ಷಕ್ಕೆ ಐವತ್ತು ಗುಂಡಾದರೂ ಹಾರಿಸದವರು ತಗೊಳ್ಳಲೇಬಾರದು ಅನ್ನೋದನ್ನು ನಾನೂ ಒಪ್ಪುತ್ತೇನೆ. ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ, ಜಿಲ್ಲೆಯ ಸಶಸ್ತ್ರ ಪೊಲೀಸ್ ಪಡೆ ಅಂದರೆ ಡಿಎಆರ್‌ನಲ್ಲಿ ವಿಚಾರಿಸಿ ಹೆಸರು ಕೊಡಿ.

ಭೀಮಾ ತೀರದ ಹುಡುಗ:

ಲಕ್ಷ ಯಾಕೆ ಹಾಕ್ತೀರಿ ಅಣ್ಣಾರೆ, ಹತ್ತಿಪ್ಪತ್ತು ಸಾವಿರಕ್ಕೆ ನಾಡ ಪಿಸ್ತೂಲು ಸಿಗುತ್ತದೆ ಅಂತಾರಲ್ಲ 😄

ಶಹಾಪುರ ಹತ್ತಿ:

ತಮಾಷೆಗೂ ಬರೆಯಬೇಡ ತಮ್ಮಾ. ಸಿನಿಮಾದವರು ಮೊದಲೇ ನಮ್ಮ ಕಡೆ ಹೆಸರು ಕೆಡಿಸಿದ್ದಾರೆ. ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡರೆ ಆರ್ಮ್ಸ್ ಆಕ್ಟ್ 25ರಲ್ಲಿ ಕನಿಷ್ಠ ಎರಡು ವರ್ಷ ಒಳಗೆ, 2019ರ ತಿದ್ದುಪಡಿ ಆದಮೇಲೆ. ಲೈಸೆನ್ಸ್ ಇದ್ದವನ ಕೈಯಲ್ಲಿ ಸಿಕ್ಕರೂ ಅಷ್ಟೇ. ನೀರಿನ ಪೈಪಿಂದ ಮಾಡಿದ ನಳಿಗೆ ಸಿಡಿದರೆ ಹೋಗುವುದು ನಿನ್ನದೇ ಬೆರಳು.

ಯಾದಗಿರಿ ಟೀಚರ್:

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ, ನಾನು ಜೀವನದಲ್ಲಿ ಒಂದು ಗುಂಡೂ ಹಾರಿಸಿದವಳಲ್ಲ.

ನಮ್ಮ ಅಪ್ಪಾಜಿ ಹತ್ತಿರ ಇಪ್ಪತ್ತು ವರ್ಷ ರಿವಾಲ್ವರ್ ಇತ್ತು. ಅಷ್ಟೂ ವರ್ಷದಲ್ಲಿ ಅದು ಮಾಡಿದ ಕೆಲಸ ಅಂದರೆ ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗುವುದು, ಮುಗಿದ ಮೇಲೆ ವಾಪಸ್ ಬರುವುದು. ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯತಿ, ಎಲ್ಲಕ್ಕೂ. ಅಮ್ಮ ಅದಕ್ಕೆ "ನಿಮ್ಮ ವೋಟಿನ ಮಶೀನು" ಅಂತಲೇ ಕರೆಯುತ್ತಿದ್ದಳು. ಆ ಒಂದೆರಡು ತಿಂಗಳು ಮನೆಯಲ್ಲಿ ಇಲ್ಲದಾಗ ನಾವು ಹೆದರಿದ್ದೂ ಇಲ್ಲ, ಇದ್ದಾಗ ಧೈರ್ಯ ಬಂದದ್ದೂ ಇಲ್ಲ. ನಾನೂ ತಮ್ಮನೂ ಸಣ್ಣವರಿದ್ದಾಗ ಮಾತ್ರ ಅಮ್ಮ ಬೀರುವಿನ ಕೀಲಿಯನ್ನು ಸೊಂಟದಿಂದ ತೆಗೆದವಳೇ ಅಲ್ಲ, ಸ್ನಾನಕ್ಕೆ ಹೋದರೂ.

ಅಪ್ಪಾಜಿ ತೀರಿಕೊಂಡ ಮೇಲೆ ನಿಜವಾದ ಪೇಚಾಟ. ಲೈಸೆನ್ಸ್ ಇದ್ದವರು ಹೋದರೆ ಮನೆಯವರು ಅದನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು. ವಾರಸುದಾರರು ಬೇಕೆಂದರೆ ತಮ್ಮ ಹೆಸರಿಗೆ ಹೊಸ ಲೈಸೆನ್ಸ್ ಕೇಳಬೇಕು, ಇಲ್ಲ ಮಾರಬೇಕು. ಹದಿಮೂರನೇ ದಿನದ ಕಾರ್ಯದ ಗಡಿಬಿಡಿಯಲ್ಲಿ ಇದು ಯಾರ ತಲೆಗೆ ಬರುತ್ತದೆ? ಠಾಣೆಯಿಂದ ಫೋನ್ ಬಂದಾಗಲೇ ನಮಗೆ ನೆನಪಾಗಿದ್ದು. ಮಾರಾಟಕ್ಕೆ ಒಂದೂವರೆ ವರ್ಷ ಹಿಡಿಯಿತು, ಅಂಗಡಿಯಲ್ಲಿ ಇಟ್ಟಿದ್ದಕ್ಕೆ ಬಾಡಿಗೆ ಬೇರೆ. ಬಂದ ದುಡ್ಡು, ಓಡಾಡಿದ ಖರ್ಚು ಎರಡೂ ಸರಿಹೋಯಿತು.

ತಗೋಬೇಡಿ ಅಂತ ಹೇಳುತ್ತಿಲ್ಲ ಅಣ್ಣಾ. ತಗೊಂಡರೆ ಕಾಗದಪತ್ರ ಎಲ್ಲಿದೆ, ಆಮೇಲೆ ಏನು ಮಾಡಬೇಕು ಅಂತ ಅತ್ತಿಗೆಗೆ ಹೇಳಿಡಿ.

ಜೇವರ್ಗಿ ತೊಗರಿ:

ಎಲ್ಲರಿಗೂ ಧನ್ಯವಾದ. ಟೀಚರಕ್ಕ, ನಿಮ್ಮದು ಓದಿ ನನ್ನಾಕೆಗೆ ಫೋನ್ ಕೊಟ್ಟೆ. ಎರಡು ಸಲ ಓದಿ ಏನೂ ಅನ್ನದೆ ವಾಪಸ್ ಕೊಟ್ಟಳು. ಅದು ಒಳ್ಳೆಯ ಲಕ್ಷಣ ಅಲ್ಲ.

ಫೌಜಿ ಕಾಕಾ, ಪ್ರಬಲ್ ಬಗ್ಗೆ ನಿಮಗೆ ಏನನಿಸುತ್ತದೆ? ನಿರ್ಭೀಕ್ ಹಗುರ ಅಂತಾರೆ, ಅದು ಹೇಗೆ? ಇನ್ನೊಂದು, ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಅಕ್ಕನ ಮನೆ ಅಕ್ಕಲಕೋಟೆ, ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಅಲ್ಲಿಗೆ ಒಯ್ಯಬಹುದಾ?

ಬಸವಕಲ್ಯಾಣ ಲಾರಿ:

ಒಯ್ಯಬೇಡಿ! ಇದನ್ನು ಹೇಳೋಕೇ ಲಾಗಿನ್ ಆದೆ. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಮೂರು ಜಿಲ್ಲೆಯವರು ಇಲ್ಲೇ ಎಡವುವುದು. ನಮಗೆ ಗಡಿ ಅಂದರೆ ಗಡಿ ಅನಿಸೋದೇ ಇಲ್ಲ. ಮದುವೆ ಉದಗೀರದಲ್ಲಿ, ಆಸ್ಪತ್ರೆ ಸೊಲ್ಲಾಪುರದಲ್ಲಿ, ಸಂತೆ ಜಹೀರಾಬಾದಿನಲ್ಲಿ, ಬೀಗರು ಹೈದರಾಬಾದಿನಲ್ಲಿ. ಗಾಡಿ ಹತ್ತಿ ಕೂತರೆ ಯಾವಾಗ ಬೇರೆ ರಾಜ್ಯ ಬಂತು ಅಂತಲೇ ಗೊತ್ತಾಗಲ್ಲ, ಆದರೆ ಲೈಸೆನ್ಸಿನಲ್ಲಿ ಬರೆದ ಪ್ರದೇಶದ ಗಡಿ ದಾಟಿದರೆ ಆಮೇಲೆ ನೀವು ಲೈಸೆನ್ಸ್ ಇಲ್ಲದವರ ಸಾಲಿಗೇ. ಇಡೀ ದೇಶಕ್ಕೆ ಬೇಕು ಅಂದರೆ ಬೇರೆ ಅರ್ಜಿ ಹಾಕಿ, ಕಾರಣ ತೋರಿಸಿ ಬರೆಸಿಕೊಳ್ಳಬೇಕು. ಈಗ ಎಷ್ಟು ಜನಕ್ಕೆ ಸುಲಭಕ್ಕೆ ಕೊಡುತ್ತಾರೆ ಅಂತ ನೀವೇ ನೋಡಿ.

ಜಾತ್ರೆಗೂ ಅಷ್ಟೇ. ಶರಣಬಸವೇಶ್ವರ ತೇರಿಗೋ, ಗಾಣಗಾಪುರಕ್ಕೋ ಹೋಗುವಾಗ ಸೊಂಟದಲ್ಲಿ ಇರುವಂತಿಲ್ಲ, ಲೈಸೆನ್ಸ್ ಷರತ್ತಿನಲ್ಲೇ ಇದೆ. ಶಾಲೆ ಕಾಲೇಜು ಆವರಣಕ್ಕೂ ಇಲ್ಲ. ಮದುವೆಯಲ್ಲಿ ಖುಷಿಗೆ ಆಕಾಶಕ್ಕೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಲಕ್ಷದವರೆಗೆ ದಂಡ, ಇಲ್ಲ ಎರಡೂ. ಒಟ್ಟಿನಲ್ಲಿ ಅಕ್ಕಲಕೋಟೆಗೆ ಹೋಗುವ ದಿನ ಮನೆಯಲ್ಲೇ ಬೀಗ ಹಾಕಿ ಇಟ್ಟು ಹೋಗಿ.

ಬೀದರ್ ಫೌಜಿ:

ಲಾರಿ ಅಣ್ಣ ಸರಿಯಾಗಿ ಹೇಳಿದರು.

ನಿರ್ಭೀಕ್ 2014ರಲ್ಲಿ ಬಂತು, ಹೆಣ್ಣುಮಕ್ಕಳಿಗೆ ಅಂತ. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಆವಾಗಲೇ ರೇಟು 1,22,360. ಚೆನ್ನಾಗಿ ಕಾಣುತ್ತದೆ, ತುಕ್ಕು ಹಿಡಿಯಲ್ಲ. ಆದರೆ ಹಗುರ ಅಂದರೆ ಹಾರಿಸಿದಾಗ ಕೈಗೆ ಒದೆ ಜಾಸ್ತಿ, ಮತ್ತೆ ಗುಂಡು ಅದೇ .32. ಹೆಚ್ಚಿನ ದುಡ್ಡು ತೂಕ ಇಳಿಸಿದ್ದಕ್ಕೆ ಕೊಡುವುದು ಅಷ್ಟೇ. ನಿಡರ್ ಅಂತ 250 ಗ್ರಾಮಿನದು ಇನ್ನೊಂದಿದೆ, .22, ಅದರ ಮಾತು ಬಿಡಿ.

ಪ್ರಬಲ್ 2023ರ ಆಗಸ್ಟಿನಲ್ಲಿ ಬಿಟ್ಟರು. ನಳಿಗೆ ಮಡಚುವುದಿಲ್ಲ, ಸಿಲಿಂಡರ್ ಪಕ್ಕಕ್ಕೆ ಬರುತ್ತದೆ. ಆ ಕೀಲಿನ ಸಡಿಲದ ಕಾಟ ಇಲ್ಲ, ಟ್ರಿಗರ್ ಮೃದು. ಸ್ನೇಹಿತನದು ಹಾರಿಸಿ ನೋಡಿದ್ದೇನೆ, ನಿಮ್ಮ ಸೋದರಮಾವ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. 50 ಮೀಟರ್ ರೇಂಜ್ ಅಂತ ಪ್ರಚಾರ ಮಾಡಿದರು. 3 ಇಂಚು ನಳಿಗೆಯಿಂದ 50 ಮೀಟರಿಗೆ ಗುಂಡು ಹೋಗುತ್ತದೆ ಖರೇ, ನೀವು ಅಂದುಕೊಂಡಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಿಲ್ಲ. ಎಂಟು ಹತ್ತು ಮೀಟರ್ ಆಚೆ ಇರುವವನಿಗೆ ಗುಂಡು ಬೇಡ, ಗಾಡಿ ಓಡಿಸಿ. ಆತ್ಮರಕ್ಷಣೆ ಅಂತ ಕೋರ್ಟಿನಲ್ಲಿ ನಿಲ್ಲಬೇಕಾದವರು ನೀವು, ಓಡಿಹೋಗುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗಲ್ಲ.

ರೇಟಿನ ಬಗ್ಗೆ: 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಪಿಸ್ತೂಲಿಗೆ ಜಿಎಸ್‌ಟಿ 28ರಿಂದ 40 ಪರ್ಸೆಂಟ್ ಆಗಿದೆ. ಕೂಲ್ ಡ್ರಿಂಕ್ ಸಾಲಿನಲ್ಲೇ ಕೂರಿಸಿದ್ದಾರೆ. ಅಂಗಡಿಯವನು ಹಳೆಯ ರೇಟು ಹೇಳುತ್ತಿದ್ದರೆ ತೆರಿಗೆ ಸೇರಿದೆಯಾ ಅಂತ ಕೇಳಿ, ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ಗಂಜ್ ಗುಮಾಸ್ತ:

ನೂರಕ್ಕೆ ನಲವತ್ತು ತೆರಿಗೆ ಕಟ್ಟಿ, ಚುನಾವಣೆಗೆ ಠಾಣೆಯಲ್ಲಿಟ್ಟು, ಜಾತ್ರೆಗೆ ಒಯ್ಯದೆ, ಅಕ್ಕನ ಮನೆಗೆ ಒಯ್ಯದೆ! ಸಾಹುಕಾರ್ರೆ, ವರ್ಷಕ್ಕೆ ಎಷ್ಟು ದಿನ ಜೊತೆಗಿರುತ್ತದೆ ಒಂದು ಸಲ ಬರೆದು ನೋಡಿ. ನಾನು ಬೇಕಾದರೆ ಕೂಡಿಸಿ ಕೊಡುತ್ತೇನೆ.

ಜೇವರ್ಗಿ ತೊಗರಿ:

ಗುಮಾಸ್ತ್ರೆ, ಲೆಕ್ಕ ಹಾಕಿದೆ. ಸುಗ್ಗಿಯ ತೊಂಬತ್ತು ದಿನ, ಅದರಲ್ಲೂ ನಗದು ಇರುವ ರಾತ್ರಿ ಮೂವತ್ತು ನಲವತ್ತು.

ನಿನ್ನೆ ಅಂಗಡಿಗೆ ಹೋಗಿದ್ದೆ. ಮಾರ್ಕ್ 3 ಎರಡು ಪೀಸ್ ಇದ್ದವು. ಮೊದಲನೆಯದು ಕಾಕಾ ಹೇಳಿದ ಹಾಗೆ ಅಲ್ಲಾಡಿಸಿದರೆ ಸಣ್ಣಗೆ ಕಟಕಟ ಅಂದಿತು. ಎರಡನೆಯದು ಗಟ್ಟಿ ಇತ್ತು, ಆರೂ ಮನೆ ಸರಿಯಾಗಿ ಕಚ್ಚಿತು. ಅಂಗಡಿಯವನು ಅದರೊಳಗೆ ಏನೂ ಇಲ್ಲ ಅಂತ ಎರಡು ಸಲ ತೋರಿಸಿ, ಒಂದು ಡಮ್ಮಿ ಕಾರ್ತೂಸು ಹಾಕಿ ಗೋಡೆ ಕಡೆ ಹಿಡಿದು ಟ್ರಿಗರ್ ಒತ್ತಿ ನೋಡಿ ಅಂದ. ನಳಿಗೆ ತುದಿ ನಾಲ್ಕು ಬೆರಳು ಕೆಳಗೆ ಹೋಯಿತು. ಶಹಾಪುರದವರು ನೆನಪಾದರು. ಹ್ಯಾಮರ್ ಎಳೆದು ಒತ್ತಿದರೆ ಅಲ್ಲಾಡಲಿಲ್ಲ.

ಬೇಡ ಅಂತ ಬಂದಿಲ್ಲ, ತಗೊಂಡೂ ಬಂದಿಲ್ಲ. ಆ ಗಟ್ಟಿ ಪೀಸಿನ ನಂಬರ್ ಬರೆದುಕೊಂಡು ಎಂಟು ದಿನ ತೆಗೆದಿಡಲು ಹೇಳಿದೆ. ಅಷ್ಟರಲ್ಲಿ ಡಿಎಆರ್‌ಗೆ ಹೋಗಿ ಮುಂದಿನ ಶಿಬಿರ ಯಾವಾಗ ಅಂತ ಕೇಳಿ ಬರುತ್ತೇನೆ, ಹತ್ತು ಮೀಟರಿಗೆ ಆರರಲ್ಲಿ ನಾಲ್ಕಾದರೂ ಬೀಳುವ ತನಕ ಗಾಡಿಯಲ್ಲಿ ಇಡಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಾಗಿದೆ. ಜೊತೆಗೆ ಬರೋಕೆ ನಮ್ಮ ದೊಡ್ಡಪ್ಪನ ಮಗನನ್ನು ಕೇಳಿದ್ದೇನೆ, ಅವನು ಊಟ ಮತ್ತು ತಿಂಗಳಿಗೆ ಹತ್ತು ಸಾವಿರ ಅಂದ.

ಕಾಕಾ, ಒಂದೇ ಒಂದು ಉಳಿಯಿತು. ಹಿಡಿಕೆ ನನ್ನ ಕೈಗೂ ಸಣ್ಣದೇ ಅನಿಸಿತು, ಕಿರುಬೆರಳು ಕೆಳಗೆ ಖಾಲಿ ಉಳಿಯುತ್ತದೆ. ನೀವು ಹಾಗೇ ಬಿಟ್ಟಿರಾ, ಇಲ್ಲ ಏನಾದರೂ ಮಾಡಿಸಿದಿರಾ?

ಬೀದರ್ ಫೌಜಿ:

ಸೈಕಲ್ ಟ್ಯೂಬ್ ತುಂಡು ಸುತ್ತಿದ್ದೇನೆ. ನೋಡೋಕೆ ಚಂದ ಇಲ್ಲ.